ಮುನಿಯಣ್ಣನ ಬಲಗಿವಿ

ಅಂದು ಬೆಳಗ್ಗೆ ಕೋಣನಕುಂಟೆಯ ಮೇಲೆ ಮಂಜು ಇಳಿದಿತ್ತು. ಸುಮ್ಮನೆ ಇಳಿದು ಹೋಗುವ ಮಂಜಲ್ಲ, ಬಂದ ನೆಂಟರ ಹಾಗೆ ಕಾಲು ಚಾಚಿ ಕೂತುಬಿಟ್ಟ ಮಂಜು. ಕನಕಪುರ ರಸ್ತೆಯ ಮೆಟ್ರೊ ಕಂಬಗಳಿಗೆ ತಲೆಯೇ ಇರಲಿಲ್ಲ. ರೈಲು ಬಂದಾಗ ಅದರ ದೀಪದ ಸಾಲು ಮಾತ್ರ ಆಕಾಶದಲ್ಲಿ ತೇಲಿ ಹೋಯಿತು, ಸದ್ದಿಲ್ಲದೆ.

ಸದ್ದಿಲ್ಲದ್ದು ಮಂಜಿನಿಂದಲೋ ತನ್ನ ಕಿವಿಯಿಂದಲೋ ಎಂದು ಮುನಿಯಣ್ಣನಿಗೆ ತಿಳಿಯಲಿಲ್ಲ. ತನ್ನ ಕಾರು ರಿಪೇರಿ ಶೆಡ್ಡಿನ ಗೋಡೆಯಲ್ಲಿದ್ದ ಮುನೇಶ್ವರನ ಪಟಕ್ಕೆ ಕರ್ಪೂರ ಹಚ್ಚಿ ಗಂಟೆ ಅಲ್ಲಾಡಿಸಿದ. ಯಾರೋ ಕೆರೆಯ ಆಚೆ ದಡದಲ್ಲಿ ನಿಂತು ಬಾರಿಸಿದಂತೆ ಕೇಳಿತು.

"ಏನ್ರೀ, ಕಾಫಿ ಆರೋಗ್ತಿದೆ ಅಂತ ಮೂರ್ ಸಲ ಕೂಗ್ದೆ. ಕಿವೀಲಿ ಗ್ರೀಸ್ ತುಂಬ್ಕೊಂಡಿದೀರಾ?" ಹೆಂಡತಿ ಪಾರ್ವತಮ್ಮ ಲೋಟ ಹಿಡಿದು ಹಿಂದೆಯೇ ನಿಂತಿದ್ದಳು.

"ದೇವ್ರ ಜೊತೆ ಮಾತಾಡ್ತಿದ್ದೆ ಕಣೆ."

"ಅವ್ನಾದ್ರೂ ಸ್ವಲ್ಪ ಜೋರಾಗ್ ಮಾತಾಡ್ತಾನಾ?"

ನಲವತ್ತು ವರ್ಷಗಳಿಂದ ಆ ಹೊಂಗೆಮರದ ಕೆಳಗಿನ ಶೆಡ್ಡಿಗೆ ಜನ ಬರುತ್ತಿದ್ದುದು ಅವನ ಕಿವಿಯನ್ನು ನಂಬಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಬಲಗಿವಿಗೆ ಇಟ್ಟು ಕಣ್ಣು ಮುಚ್ಚಿದನೆಂದರೆ ಒಳಗಿನ ಕಾಯಿಲೆ ಹೇಳಿಬಿಡುತ್ತಿದ್ದ. ಕಿವಿ ಮುನಿಯಣ್ಣ ಎಂದೇ ಅವನ ಹೆಸರು. ಈಗಿನ ಸಣ್ಣ ಕಾರುಗಳಿಗೆ ಮೈ ಚಿಕ್ಕದಾದರೂ ಕಾಯಿಲೆಗಳೇನೂ ಚಿಕ್ಕವಲ್ಲ. ಬಿಟಿಎಂ ಕಡೆಯ ಟ್ರಾಫಿಕ್ಕಿನಲ್ಲಿ ಅರ್ಧ ಕ್ಲಚ್ ಒತ್ತಿಕೊಂಡೇ ಓಡಿಸಿ ಪ್ಲೇಟು ಸುಟ್ಟುಕೊಂಡವರು ಎಂಟೊಂಬತ್ತು ಸಾವಿರ ಇಟ್ಟು ಹೋಗುತ್ತಿದ್ದರು. ಬಾನೆಟ್ಟಿನೊಳಗೆ ಇಲಿ ಸಂಸಾರ ಹೂಡಿ ವೈರು ಕಡಿದರೆ ಅದರ ಖರ್ಚು ಇಲಿಗೇ ಗೊತ್ತು. ವೈರಿನ, ದೀಪದ ದೋಷವನ್ನು ಕಾರಿಗೆ ಸಿಕ್ಕಿಸಿದ ಸ್ಕ್ಯಾನರ್ ಹೇಳುತ್ತಿತ್ತು. ಗಾಲಿಯೊಳಗಿನ ಬೇರಿಂಗ್ ಸವೆದದ್ದು ಮಾತ್ರ ಅದಕ್ಕೆ ತಿಳಿಯದು. ಅದನ್ನು ಮನುಷ್ಯನೇ ಕೇಳಬೇಕು.

ಮಂಜಿನಿಂದ ಬಿಳಿಯ ಪುಟ್ಟ ಕಾರೊಂದು ಮೆಲ್ಲಗೆ ಹೊರಬಂತು. ಸುರಭಿಯದು. ಜಯನಗರದವಳು, ಫಿಸಿಯೋಥೆರಪಿಸ್ಟ್, ಕಾಯಿಲೆಯವರ ಮನೆಮನೆಗೆ ಹೋಗುವುದೇ ಅವಳ ಕೆಲಸ. ಹತ್ತು ದಿನದ ಹಿಂದೆ ಮುಂದಿನ ಗಾಲಿ ಗುಂಯ್‌ಗುಡುತ್ತದೆ ಎಂದು ಬಂದಿದ್ದಳು. ಮುನಿಯಣ್ಣ ಪಕ್ಕದ ಸೀಟಿನಲ್ಲಿ ಕೂತು ಒಂದು ಸುತ್ತು ಹೋಗಿ, ಎಡಗಡೆಯದು ಎಂದು ತೀರ್ಪು ಕೊಟ್ಟು, ಬೇರಿಂಗ್ ಬದಲಿಸಿ ಮೂರು ಸಾವಿರದ ಇನ್ನೂರು ತೆಗೆದುಕೊಂಡಿದ್ದ.

"ಮುನಿಯಣ್ಣ, ಸದ್ದು ಹೋಗೇ ಇಲ್ಲ," ಎಂದಳು ಸುರಭಿ. "ನನ್ನ ಭ್ರಮೆ ಅನ್ಕೊಂಡಿದ್ದೆ. ನಿಮ್ಮ ಕಿವಿ ತಪ್ಪೋದೇ ಇಲ್ಲ ಅಂತ ನಮ್ಮಪ್ಪ ಹೇಳ್ತಾನೇ ಇರ್ತಾರೆ."

ಮತ್ತೆ ಒಂದು ಸುತ್ತು ಹೊರಟರು. ಅವಳು ಓಡಿಸಿದಳು, ಅವನು ಅವಳ ಎಡಕ್ಕೆ ಕೂತ.

"ಕೇಳಿಸ್ತಾ?"

"ಹ್ಞೂಂ," ಎಂದ. ಕೇಳಿದ್ದು ಎಡಗಡೆಯಿಂದಲೇ. ಕಾಗೆಯೂ ಎಡಗಡೆಯಿಂದಲೇ ಕೂಗಿತು. ಬಲಕ್ಕೆ ಕೂತು ಮಾತಾಡುತ್ತಿದ್ದ ಸುರಭಿಯ ದನಿ ಕೂಡ ಎಡಗಡೆಯಿಂದಲೇ ಬರುತ್ತಿತ್ತು. ಹತ್ತು ದಿನದ ಹಿಂದೆಯೂ ಹೀಗೇ ಕೇಳಿತ್ತಲ್ಲ ಎಂದು ಆಗ ಅವನಿಗೆ ಹೊಳೆಯಿತು.

ಶೆಡ್ಡಿಗೆ ಬಂದು ಜಾಕ್ ಹಾಕಿ ಬಲಗಾಲಿ ಎತ್ತಿದ. ರೂಢಿಯಂತೆ ಬಲಗಿವಿಗೆ ಸ್ಕ್ರೂಡ್ರೈವರ್ ಇಟ್ಟು ಗಾಲಿ ತಿರುಗಿಸಿದರೆ ಏನೂ ಇಲ್ಲ, ಒಳಗೆಲ್ಲ ಮಂಜು. ಅದನ್ನು ಕೆಳಗಿಟ್ಟು, ಗಾಲಿಯ ಹಿಂದಿನ ದಪ್ಪ ಸ್ಪ್ರಿಂಗಿನ ಮೇಲೆ ಬರಿಗೈ ಇಟ್ಟ. ಇನ್ನೊಂದು ಕೈಯಿಂದ ಗಾಲಿ ತಿರುಗಿಸಿದ.

ಅಂಗೈಯೊಳಗೆ ರಾಗಿ ಬೀಸುವ ಕಲ್ಲು ತಿರುಗತೊಡಗಿತು.

ಹುಡುಗನಾಗಿದ್ದಾಗ ಅವನು ಬೀಸುವ ಕಲ್ಲಿನ ಮುಂದೆ ಅವ್ವನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಿದ್ದ. ನಸುಕಿನ ಚಳಿ, ಅವ್ವನ ಸೆರಗಿನ ಹೊಗೆವಾಸನೆ. ಕಲ್ಲಿನ ಗರಗರ ಅವಳ ಕೈಗಿಳಿದು, ತೊಡೆಗಿಳಿದು, ಅವನ ಕೆನ್ನೆಯೊಳಗೆ ಹರಿಯುತ್ತಿತ್ತು. ಕಣ್ಣು ಮುಚ್ಚಿದ ಮುನಿಯಣ್ಣ ಎಷ್ಟು ಹೊತ್ತು ಹಾಗೆಯೇ ಕೂತಿದ್ದನೋ. ಮಂಜು ತೆಳ್ಳಗಾಗಿ ಹೊಂಗೆಯ ಎಲೆಗಳ ನಡುವೆ ಬಿಸಿಲು ಇಣುಕಿತ್ತು. ಎದ್ದು ಎಡಗಾಲಿಯನ್ನೂ ಜಾಕಿನಿಂದ ಎತ್ತಿ ಹಾಗೇ ಮುಟ್ಟಿ ನೋಡಿದ. ಅದು ಬೆಣ್ಣೆಯಂತೆ ತಿರುಗಿತು. ಹತ್ತು ದಿನದ ಹಿಂದೆ ತಾನು ಕಿತ್ತು ಗುಜರಿ ಡಬ್ಬಕ್ಕೆ ಎಸೆದ ಹಳೆಯ ಬೇರಿಂಗನ್ನು ಹುಡುಕಿ ತೆಗೆದು ಬೆರಳಿಗೆ ಸಿಕ್ಕಿಸಿ ತಿರುಗಿಸಿದ. ಅದರಲ್ಲೂ ಒಂದು ಕಾಳಿನಷ್ಟು ದೋಷವಿರಲಿಲ್ಲ.

"ಈಗ ಬಲಗಡೇದೂ ಹೋಯ್ತಾ?" ಸುರಭಿ ಬಗ್ಗಿ ಕೇಳಿದಳು. "ಒಂದು ಹೋದ್ರೆ ಹಿಂದೇನೇ ಇನ್ನೊಂದೂ ಹೋಗುತ್ತಂತಲ್ಲ? ಬಿಡಿ, ಎಷ್ಟಾಗುತ್ತೆ ಹೇಳಿ."

ಹೌದು ಎಂದು ತಲೆಯಾಡಿಸಿದರೆ ಸಾಕಾಗಿತ್ತು. ಊರಿನ ಎಲ್ಲ ಶೆಡ್ಡುಗಳಲ್ಲೂ ಆಡುವ ಮಾತೇ ಅದು. ಇಲ್ಲ ಎಂದರೆ ಸಂಜೆಯೊಳಗೆ ಅವಳ ಅಪ್ಪನಿಗೆ, ಅವರಿಂದ ಜಯನಗರಕ್ಕೆಲ್ಲ ಸುದ್ದಿ ಮುಟ್ಟುತ್ತದೆ. ಕಿವುಡ ಮೆಕ್ಯಾನಿಕ್ಕಿನ ಬಳಿ ಯಾರು ಕಾರು ತರುತ್ತಾರೆ? ಮುನಿಯಣ್ಣ ಪಟದ ಕಡೆ ನೋಡಿದ. ಕರ್ಪೂರ ಉರಿದು ಹೋಗಿತ್ತು, ತಟ್ಟೆಯಲ್ಲಿ ಮಸಿಯಷ್ಟೇ ಉಳಿದಿತ್ತು.

"ಇಲ್ಲ ಮೇಡಂ. ಹೋಗಿರೋದು ಇದೊಂದೇ. ಅವತ್ತೂ ಇದೇನೇ. ಎಡಗಡೇದು ಚೆನ್ನಾಗೇ ಇತ್ತು, ಸುಮ್ನೆ ಕಿತ್ತಾಕ್ದೆ." ಹಳೆಯ ಬೇರಿಂಗನ್ನು ಅವಳ ಕಣ್ಣ ಮುಂದೆ ಹಿಡಿದ. "ನಂಗೆ ಬಲಗಿವಿ ಕೇಳಿಸ್ತಿಲ್ಲ. ಆರ್ ತಿಂಗ್ಳಾಯ್ತು. ಯಾರ್ಗೂ ಹೇಳಿಲ್ಲ."

ಬಾಗಿಲಲ್ಲಿ ಪಾರ್ವತಮ್ಮ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. "ಆರ್ ತಿಂಗ್ಳಿಂದ ನಾನ್ ಬೈದಿದ್ದೆಲ್ಲ ಗಾಳಿಗೋಯ್ತಾ ಹಂಗಾದ್ರೆ?"

"ಬೈಗುಳ ಎಡಗಿವೀಲಿ ಬರ್ತಿತ್ತು ಕಣೆ. ಒಂದೂ ತಪ್ಪಿಲ್ಲ."

ಸುರಭಿಗೆ ನಗು ಬಂತು, ಆದರೆ ನಗಲಿಲ್ಲ. ಅವಳು ಸ್ಪ್ರಿಂಗಿನ ಮೇಲೆ ತನ್ನ ಕೈಯಿಟ್ಟಳು. "ತಿರುಗಿಸಿ ನೋಡೋಣ," ಎಂದಳು. ಅವನು ತಿರುಗಿಸಿದ. ಗರಗರ ಅವಳ ಅಂಗೈಗೂ ಹತ್ತಿತು.

"ನಾನೂ ಬೆನ್ನುನೋವನ್ನ ಹಿಂಗೇ ಹುಡುಕೋದು," ಎಂದಳು. "ಕಿವಿ ಡಾಕ್ಟ್ರಿಗೆ ತೋರಿಸ್ಕೊಳ್ಳಿ ಮುನಿಯಣ್ಣ. ತಡ ಮಾಡ್ಬೇಡಿ. ಮೊದ್ಲು ಇದನ್ನ ಮುಗಿಸಿ, ಹನ್ನೊಂದಕ್ಕೆ ಜೆಪಿ ನಗರದಲ್ಲಿ ಪೇಷೆಂಟ್ ಇದಾರೆ."

ಗಾಲಿ ಬಿಚ್ಚಿ, ಹೊಸ ಬೇರಿಂಗನ್ನು ಪ್ರೆಸ್ ಯಂತ್ರದಲ್ಲಿ ಒತ್ತಿಸಿ ತಂದು ಕೂರಿಸುವಷ್ಟರಲ್ಲಿ ಹತ್ತೂವರೆ. ಅವಳು ಒಂಟಿಯಾಗಿ ಒಂದು ಸುತ್ತು ಹೋಗಿ ಬಂದಳು. ಕಿಟಕಿ ಇಳಿಸಿದಾಗ ಅವಳ ಮುಖ ನೋಡಿಯೇ ಅವನಿಗೆ ತಿಳಿಯಿತು.

"ಮೂರು ಸಾವಿರದ ಇನ್ನೂರು ಹಾಕಿದೀನಿ, ನೋಡಿ," ಎಂದು ಮೊಬೈಲು ತೋರಿಸಿದಳು.

"ಬಂತು ಮೇಡಂ. ಇದು ಕೆಲ್ಸ ಮಾಡಿದ್ದಕ್ಕೆ, ತಗೋತೀನಿ."

ಒಳಗೆ ಹೋದ. ಕೈ ತೊಳೆದು, ಒರೆಸಿಕೊಂಡು ಬಂದ. ಹತ್ತು ದಿನದ ಹಿಂದಿನ ಅಷ್ಟೇ ಹಣವನ್ನು ನೋಟುಗಳಾಗಿ ಮಡಚಿ, ಎರಡೂ ಕೈಯಲ್ಲಿ ಹಿಡಿದು ಕಿಟಕಿಯೊಳಕ್ಕೆ ಚಾಚಿದ. ಬೇಡ ಎನ್ನಲು ಹೊರಟ ಸುರಭಿ ಅವನ ಮುಖ ನೋಡಿ ಅಂಗೈ ಬಿಡಿಸಿದಳು. ಅವನು ನೋಟುಗಳನ್ನು ಅದರಲ್ಲಿಟ್ಟು, ಬೆರಳುಗಳನ್ನು ಮೆಲ್ಲಗೆ ಮುಚ್ಚಿದ.