ನೆಲಕ್ಕಿಡಬಾರದ ಚೀಲ

ಬಸ್ಸು ತಿರುವಿನಲ್ಲಿ ವಾಲಿದಾಗಲೆಲ್ಲ ಆ ಬಿಳಿ ಬಟ್ಟೆಯ ಚೀಲ ಕಿಟಕಿಯ ಸರಳಿನಿಂದ ತೂಗಿ ನನ್ನ ಮೊಣಕಾಲಿಗೆ ತಾಗುತ್ತಿತ್ತು. ಪದವಿ ಮುಗಿಸಿ, ಮುಂದೇನೆಂದು ತೋಚದೆ, ಕೂತಲ್ಲಿ ಕೂರಲಾರದೆ ಊರೂರು ಅಲೆಯುತ್ತಿದ್ದ ದಿನಗಳವು. ಚೀಲದ ಕುಡಿಕೆಯಲ್ಲಿ ಮುಂದಿನ ಸೀಟಿನ ಫಣೀಂದ್ರರ ತಂದೆಯ ಅಸ್ಥಿ ಇತ್ತು.

"ನೆಲಕ್ಕಿಡೋ ಹಾಗಿಲ್ಲ ನೋಡಿ, ಅದಕ್ಕೇ ತೂಗುಹಾಕಿದೀನಿ. ಸಂಜೆಯೊಳಗೆ ಸಂಗಮದಲ್ಲಿ ಬಿಡಬೇಕು, ಪುರೋಹಿತರು ಕಾಯ್ತಿರ್ತಾರೆ," ಎಂದಿದ್ದರು ಅವರು. ಪಕ್ಕದಲ್ಲಿ ಅವರ ತಾಯಿ ಸುಭದ್ರಮ್ಮ ಕೂತಿದ್ದರು.

ಊಟಕ್ಕೆಂದು ಬಸ್ಸು ಒಂದು ಸಣ್ಣ ಊರಿನಲ್ಲಿ ನಿಂತಿತು. ಸುಭದ್ರಮ್ಮ ಹಸಿವಿಲ್ಲವೆಂದು ಒಳಗೇ ಉಳಿದರು. ನಾವು ಮರಳಿದಾಗ ಸರಳು ಬರಿದಾಗಿತ್ತು.

"ಕೈಕಾಲು ತೊಳೆಯೋಕೆ ಒಂದು ಗಳಿಗೆ ಇಳಿದಿದ್ದೆ," ಎಂದರು ಸುಭದ್ರಮ್ಮ.

"ಯಾವನೋ ಕದ್ದಿದಾನೆ!" ಫಣೀಂದ್ರ ಪಾತ್ರೆ ಮಾರುವವನೊಬ್ಬನ ಮೂಟೆ ಬಿಚ್ಚಿಸಿದರು.

"ನೋಡಿ ಸ್ವಾಮಿ, ಚೆನ್ನಾಗಿ ನೋಡಿ. ಸೌಟು ಬಿಟ್ಟು ಬೇರೇನಾದ್ರೂ ಸಿಕ್ಕಿದ್ರೆ ನಂಗೂ ಹೇಳಿ," ಎಂದ ಅವನು.

ಕಂಡಕ್ಟರಿಗೆ ತಾಳ್ಮೆ ಮುಗಿದಿತ್ತು. "ಬರೋರು ಬನ್ನಿ, ಹುಡುಕೋರು ಹುಡುಕ್ತಾ ಇರಿ," ಎಂದು ಸೀಟಿ ಊದಿದ. ತಾಯಿ ಮಗ ಇಳಿದರು. ಮೊಣಕಾಲಿಗೆ ತಾಗುತ್ತಿದ್ದ ಆ ತೂಕವಿಲ್ಲದೆ ಕೂರಲಾಗದೆ ನಾನೂ ಇಳಿದುಬಿಟ್ಟೆ.

ಕಳ್ಳನಾದರೆ ಬಿಚ್ಚಿ ನೋಡಿದೊಡನೆ ಎಸೆದು ಓಡಿರುತ್ತಾನೆ. ಹಾಗೆಂದುಕೊಂಡು ಚರಂಡಿ, ತಿಪ್ಪೆ, ಪೊದೆಗಳನ್ನೆಲ್ಲ ಹುಡುಕಿದೆವು. ಸುಭದ್ರಮ್ಮ ಮಾತ್ರ ಕಲ್ಲುಬೆಂಚಿನ ಮೇಲೆ ಕೂತು ರಸ್ತೆ ನೋಡುತ್ತಿದ್ದರು. ಬಗ್ಗಿ ಬಗ್ಗಿ ಕತ್ತು ನೋಯತೊಡಗಿದಾಗ ನನಗೆ ಹೊಳೆಯಿತು: ತೆಗೆದವರಿಗೂ ಅದನ್ನು ನೆಲಕ್ಕಿಡಲು ಮನಸ್ಸು ಬರದಿದ್ದರೆ?

ತಲೆಯೆತ್ತಿದೆ. ಹೋಟೆಲಿನ ಹಿಂದಿನ ಹೊಂಗೆಮರದ ತಗ್ಗಿನ ಕೊಂಬೆಯಲ್ಲಿ, ಎಲೆಗಳ ಮರೆಯಲ್ಲಿ ಚೀಲ ತೂಗುತ್ತಿತ್ತು. ಅದನ್ನು ಬಿಗಿದಿದ್ದುದು ಹರಿದ ನೀಲಿ ಸೀರೆಯಂಚಿನಿಂದ. ಅದೇ ನೀಲಿ ಸುಭದ್ರಮ್ಮನ ಸೆರಗಿನಲ್ಲಿತ್ತು.

"ಯಾಕಮ್ಮಾ?" ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ.

"ಸಿಕ್ಕಿಬಿಡ್ತಾ?" ಅವರು ಸೆರಗು ಒಳಕ್ಕೆಳೆದುಕೊಂಡರು. "ನಮ್ಮೆಜಮಾನರದು ತಿರುಗಾಟದ ಕೆಲಸ ಕಣಪ್ಪ. ಅವರು ನೋಡದ ಊರಿಲ್ಲ. ನನ್ನನ್ನೂ ಕರ್ಕೊಂಡ್ಹೋಗಿ ಅಂದ್ರೆ, ಮುಂದಿನ ಸಲ ಅನ್ನೋರು. ನಾವಿಬ್ರೂ ಒಟ್ಟಿಗೆ ಹೊರಟಿದ್ದು ಇದೇ ಮೊದಲು. ಸಂಜೆಗೇ ಮುಗಿದುಹೋಗುತ್ತಲ್ಲಾ ಅನ್ನಿಸ್ತು."

ಫಣೀಂದ್ರ ನನ್ನ ಹಿಂದೆಯೇ ನಿಂತಿದ್ದರು. ಅವರ ಮುಖ ಕೆಂಪೇರಿತು. ಕೂಗಾಡುತ್ತಾರೆಂದು ಕಾದೆ. ಅವರು ಮರದ ಬಳಿ ಹೋಗಿ, ಗಂಟು ಬಿಡಿಸಲು ಬಹಳ ಹೊತ್ತು ತೆಗೆದುಕೊಂಡರು.

ಮುಂದಿನ ಬಸ್ಸು ಬಂದಾಗ ತಾಯಿಯನ್ನು ಕಿಟಕಿಯ ಪಕ್ಕ ಕೂರಿಸಿ, ಚೀಲವನ್ನು ಅವರ ಮಡಿಲಲ್ಲಿಟ್ಟರು.

"ಹೆಂಗಸರು ಹಿಡೀಬಾರದಂತಲ್ಲೋ!"

"ಮರಕ್ಕೆ ಕಟ್ಬಹುದಾ ಹಾಗಾದ್ರೆ?" ಫಣೀಂದ್ರ ತಾಯಿಯ ಕೈಗಳನ್ನು ಚೀಲದ ಸುತ್ತ ಸೇರಿಸಿದರು. "ನಾಳೆ ಬೆಳಿಗ್ಗೆ ಬಿಡೋಣಮ್ಮ. ದಾರೀಲಿ ಎಲ್ಲಾದ್ರೂ ಇಳೀಬೇಕು ಅನ್ನಿಸಿದ್ರೆ ಹೇಳು."

ಬಸ್ಸು ಬಯಲಿಗೆ ಬಂದಿತು. ಸುಭದ್ರಮ್ಮ ಚೀಲವನ್ನು ಎರಡೂ ಕೈಯಲ್ಲಿ ಕಿಟಕಿಯ ಮಟ್ಟಕ್ಕೆ ಎತ್ತಿ ಹಿಡಿದು, ದೂರದ ಕೆರೆಗೆ ಇಳಿಯುತ್ತಿದ್ದ ಕೊಕ್ಕರೆಗಳ ಕಡೆ ನೋಡುತ್ತ, ತಗ್ಗಿದ ದನಿಯಲ್ಲಿ ಏನೋ ಹೇಳುತ್ತಿದ್ದರು.