ಮೆಲುದನಿಯ ರುದ್ರಮೂರ್ತಿ ಮತ್ತು ಗದ್ದಲದ ತಟ್ಟೆಗಳು

ರುದ್ರಮೂರ್ತಿಯವರ ಮಾತು ಕೇಳಬೇಕಾದರೆ ಕೇಳುವವರು ಬಾಗಬೇಕು. ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿರುವ ಅವರ ಬೀಜ-ಗೊಬ್ಬರದ ಅಂಗಡಿಗೆ ಯಾವ ಹೊತ್ತಿನಲ್ಲಿ ಹೋದರೂ, ಈರುಳ್ಳಿ ಬೀಜಕ್ಕೆಂದು ಬಂದ ನಾಲ್ಕಾರು ರೈತರು ಗಲ್ಲಾದ ಮೇಲೆ ಅರ್ಧ ದೇಹವನ್ನು ಚಾಚಿ, ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು, ತೀರ್ಥಕ್ಕೆ ನಿಂತ ಭಕ್ತರ ಭಂಗಿಯಲ್ಲಿರುವುದು ಕಾಣುತ್ತದೆ. "ಅಣ್ಣಾ, ಒಸಿ ಜೋರಾಗೇಳಣ್ಣ" ಎಂದು ಯಾರಾದರೂ ಗೋಗರೆದರೆ ಅವರು ಅದೇ ಮಾತನ್ನು ಇನ್ನಷ್ಟು ಸ್ಪಷ್ಟವಾಗಿ ಹೇಳುತ್ತಾರೆಯೇ ಹೊರತು ದನಿ ಎಳ್ಳಷ್ಟೂ ಏರುವುದಿಲ್ಲ. ನಡಿಗೆಯೂ ಮಾತಿನಂಥದೇ, ಪಕ್ಕದ ಕೋಣೆಯಲ್ಲಿ ಕೂಸೊಂದು ಈಗಷ್ಟೇ ಕಣ್ಣು ಮುಚ್ಚಿದೆಯೇನೋ ಎಂಬಂತೆ ಹಿಮ್ಮಡಿ ಊರದ ನಡಿಗೆ. ಬೇಸಗೆಯಲ್ಲೂ ಬಿಡದ ಬೂದುಬಣ್ಣದ ಅರೆತೋಳಿನ ಸ್ವೆಟರಿನೊಳಗೆ ತಮ್ಮನ್ನು ತಾವೇ ಮಡಿಸಿಟ್ಟುಕೊಂಡಂತಿರುವ ಈ ಮನುಷ್ಯ, ಬಸ್ಸಿನಲ್ಲಿ ತಮ್ಮ ಕಾಲು ತುಳಿದವರ ಕ್ಷಮೆಯನ್ನು ತಾವೇ ಕೇಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇಂಥವರ ಮನೆಯ ಒಳಕೋಣೆಯಲ್ಲಿ, ಬಹುಶಃ ಭೂಮಂಡಲದಲ್ಲೇ ಅತ್ಯಂತ ಕರ್ಕಶವಾದ ಸಂಗೀತದ ಗ್ರಾಮಫೋನ್ ತಟ್ಟೆಗಳು ಗೋಡೆಯುದ್ದಕ್ಕೂ ಸಾಲಾಗಿ ನಿಂತಿವೆ. ಪಂಕ್, ಗ್ರೈಂಡ್‌ಕೋರ್, ನಾಯ್ಸ್ ಎಂದು ಅವುಗಳಲ್ಲಿ ಕುಲಗೋತ್ರಗಳಿವೆ. ಫಿನ್ಲೆಂಡಿನ ಯಾವುದೋ ನೆಲಮಾಳಿಗೆಯಲ್ಲಿ, ಬ್ರೆಜಿಲಿನ ಯಾವುದೋ ಶೆಡ್ಡಿನಲ್ಲಿ, ಹತ್ತು ಜನಕ್ಕೂ ಪರಿಚಯವಿಲ್ಲದ ಹುಡುಗರು ಗಂಟಲು ಹರಿಯುವಂತೆ ಕಿರುಚಿ ಅಚ್ಚುಹಾಕಿಸಿದ ತಟ್ಟೆಗಳು ಅಂಚೆಯವನ ಸೈಕಲ್ಲೇರಿ ಈ ಮನೆಗೆ ಬರುತ್ತವೆ.

ಈ ಗೀಳು ಹತ್ತಿದ್ದು ಅಕಸ್ಮಾತ್ತಾಗಿ. ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಯಿಂದ ತಂದ ವಚನಗಾಯನದ ಕಟ್ಟಿನಲ್ಲಿ, ಒಂದು ಹೊದಿಕೆಯೊಳಗೆ ಬೇರೆಯೇ ತಟ್ಟೆ ಸೇರಿಕೊಂಡಿತ್ತು. ಸ್ನಾನ, ವಿಭೂತಿ ಎಲ್ಲ ಮುಗಿಸಿ ಭಕ್ತಿಯಿಂದ ಮುಳ್ಳಿಟ್ಟರೆ ಹೊರಟದ್ದು ಆರ್ಭಟ. ಪ್ಲೇಯರ್ ಕೆಟ್ಟಿತೆಂದು ಬಗೆದು ಅದನ್ನೂ ತಟ್ಟೆಯನ್ನೂ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತರೀಕೆರೆಯ ರಿಪೇರಿಯವನ ಬಳಿಗೆ ಒಯ್ದರು. ಅವನು ಬಿಚ್ಚಿದ, ಎಣ್ಣೆ ಬಿಟ್ಟ, ಜೋಡಿಸಿದ, ಮತ್ತೆ ಬಿಚ್ಚಿದ. ಕೊನೆಗೆ ಕೈ ಒರೆಸಿಕೊಂಡು, "ಮಿಷನ್ ಸರಿಯಾಗೈತೆ ಸ್ವಾಮಿ. ಒಳಗೆ ಹಾಡೋರಿಗೇ ಏನೋ ಆಗೈತೆ" ಎಂದ. ಅವರಿಗೆ ಏನಾಗಿದೆಯೆಂದು ತಿಳಿಯುವ ಕುತೂಹಲದಿಂದ ರುದ್ರಮೂರ್ತಿ ಮನೆಗೆ ಬಂದು ಇನ್ನೊಮ್ಮೆ ಕೇಳಿದರು. ಅಂದಿನಿಂದ ಕೇಳುತ್ತಲೇ ಇದ್ದಾರೆ.

ಪಕ್ಕದ ಮನೆಯ ನಿವೃತ್ತ ಮೇಷ್ಟ್ರಾದ ನಾನೇ ಅವರಿಗೆ ಸಿಕ್ಕ ಏಕೈಕ ಸಹಶ್ರೋತೃ. ಹೊಸ ತಟ್ಟೆ ಬಂದ ದಿನ ಸಂಜೆ ಕಾಫಿಗೆ ಕರೆ ಬರುತ್ತದೆ. ಚಪ್ಪಲಿ ಹೊರಗೆ ಬಿಟ್ಟು ಒಳಕೋಣೆಯ ಚಾಪೆಯ ಮೇಲೆ ಕೂರಬೇಕು. ಗದ್ದಲದ ಪ್ರಳಯ ಮುಗಿದ ಮೇಲೆ, ಮುಳ್ಳನ್ನು ಎತ್ತಿಟ್ಟು, ತಟ್ಟೆಯನ್ನು ಮಲ್ಲು ಬಟ್ಟೆಯಿಂದ ಒರೆಸುತ್ತ ಅವರು ಅಭಿಪ್ರಾಯ ಕೊಡುತ್ತಾರೆ. ನಾನು ಬಾಗಿ ಕೇಳಿಸಿಕೊಳ್ಳುತ್ತೇನೆ. ಬ್ರೆಜಿಲಿನ ತಂಡವೊಂದರ ಬಗ್ಗೆ: "ಡ್ರಮ್ ಬಡಿಯೋನು ಬಸ್ ತಪ್ಪಿಸ್ಕೊಂಡೋನ ಹಂಗೆ ಓಡ್ತಾನೆ ಮೇಷ್ಟ್ರೇ. ಹಾಡೋನು ಆಗ್ಲೇ ಬಸ್ಸಲ್ಲಿ ಕೂತವ್ನೆ." ತಾಳವೂ ಮಾತೂ ಇಲ್ಲದೆ ಬರೀ ಮೊರೆತವಿದ್ದ ಜಪಾನಿನ ತಟ್ಟೆಯ ಬಗ್ಗೆ: "ಬುಕ್ಕಾಂಬುಧಿ ಕೆರೆ ಕೋಡಿ ಬಿದ್ದಾಗ ಹತ್ರ ನಿಂತಿದ್ರಾ? ಮೊದ್ಲು ಕಿವಿ ಮುಚ್ಕೋಬೇಕು ಅನ್ಸುತ್ತೆ. ಆಮೇಲೆ ಅಲ್ಲಿಂದ ಏಳಕ್ಕೇ ಮನಸ್ಸಾಗಲ್ಲ." ಒಂದು ಹೆಸರುವಾಸಿ ತಂಡವನ್ನು ಮಾತ್ರ ಅವರು ಒಂದೇ ಏಟಿಗೆ ತಳ್ಳಿಹಾಕಿದರು: "ಇವ್ರಿಗೆ ಸಿಟ್ಟು ಬಂದಿಲ್ಲ. ಸಿಟ್ಟು ಬಂದ್ರೆ ಹೆಂಗ್ ಕಾಣ್ತೀವಿ ಅಂತ ಕನ್ನಡಿ ನೋಡ್ಕೊಂಡವ್ರೆ." ಜೀವಮಾನದಲ್ಲಿ ಒಮ್ಮೆಯೂ ಸಿಟ್ಟಾಗದ ಮನುಷ್ಯ ಪರರ ಸಿಟ್ಟಿನ ಅಸಲಿತನವನ್ನು ಹೀಗೆ ಉಜ್ಜಿ ನೋಡುವುದು ನನಗೆ ಇಂದಿಗೂ ಸೋಜಿಗವೇ.

ಹೆಂಡತಿ ಕೋಮಲಾ ಇದನ್ನೆಲ್ಲ "ಇವರ ಗ್ರೈಂಡರು" ಎಂದು ಕರೆಯುತ್ತಿದ್ದರು. ಆ ಹೆಸರು ಬೀದಿಗೆ ಹಬ್ಬಿ, ಗ್ರೈಂಡರ್ ರುದ್ರಣ್ಣನೆಂದು ಖ್ಯಾತಿಯಾಗಿ, ಒಮ್ಮೆ ಹಿಂದಿನ ಬೀದಿಯ ಈರಕ್ಕ ದೋಸೆಹಿಟ್ಟು ರುಬ್ಬುವ ಯಂತ್ರವನ್ನೇ ಕಂಕುಳಲ್ಲಿಟ್ಟುಕೊಂಡು ರಿಪೇರಿಗೆ ಬಂದಳು. ಅವಳನ್ನು ನಿರಾಶೆಗೊಳಿಸಲು ಮನಸ್ಸಾಗದೆ ಇವರು ಅದನ್ನು ತರೀಕೆರೆಗೆ ಕೊಂಡೊಯ್ದು ಸರಿಮಾಡಿಸಿ ತಂದುಕೊಟ್ಟರು.

ಮಗಳು ಧನ್ಯಶ್ರೀ ಸಖರಾಯಪಟ್ಟಣದ ಕಡೆ ಪಶುವೈದ್ಯೆ. ಸ್ಕೂಟರಿನಲ್ಲಿ ಹಳ್ಳಿಹಳ್ಳಿ ಸುತ್ತಿ, ಕಷ್ಟದ ಹೆರಿಗೆಯಲ್ಲಿ ಎಮ್ಮೆಯ ಗರ್ಭಕ್ಕೆ ಭುಜದವರೆಗೂ ಕೈ ಹಾಕಿ ಕರು ಎಳೆಯುವ ಹುಡುಗಿ. ಹೋದ ವರ್ಷ ಅವಳನ್ನು ನೋಡಲು ತರೀಕೆರೆಯಿಂದ ಅನುಕೂಲಸ್ಥರ ಮನೆಯವರು ಬರುವುದೆಂದು ನಿಶ್ಚಯವಾಯಿತು. ಕೋಮಲಾ ಯುದ್ಧಸನ್ನದ್ಧರಾದರು. ತಟ್ಟೆಗಳೆಲ್ಲ ರಟ್ಟಿನ ಪೆಟ್ಟಿಗೆ ಸೇರಿ ನನ್ನ ಮನೆಗೆ ಗಡೀಪಾರಾದವು. ಪ್ಲೇಯರು ಒಳಕೋಣೆಯಲ್ಲೇ ಉಳಿಯಿತು. ಒಳಕೋಣೆಯಲ್ಲಿ ಹಿಡಿಸದೆ ತಂತಿ ಎಳೆದು ನಡುಮನೆಯಲ್ಲಿಟ್ಟಿದ್ದ ಭಾರೀ ಸ್ಪೀಕರುಗಳ ಮೇಲೆ ಕಸೂತಿ ಬಟ್ಟೆ ಹೊದಿಸಿ, ಒಂದರ ಮೇಲೆ ಬಾಳೆಹಣ್ಣಿನ ತಟ್ಟೆಯನ್ನೂ ಇನ್ನೊಂದರ ಮೇಲೆ ಸ್ಟೀಲ್ ಲೋಟಗಳನ್ನೂ ಇಟ್ಟು, ಅವು ಹುಟ್ಟಾ ಮೇಜುಗಳೆಂಬಂತೆ ಮಾಡಿದರು. "ಮೇಷ್ಟ್ರೇ, ನೀವೂ ಬಂದು ಕೂತ್ಕೋಬೇಕು. ನಮ್ಮ ಕಡೆ ಮಾತಾಡೋಕೆ ಒಬ್ರು ಬೇಕಲ್ಲ" ಎಂದು ನನಗೂ ಆಹ್ವಾನವಾಯಿತು.

ಹುಡುಗನ ತಂದೆ ಶಿವಮೂರ್ತಪ್ಪನವರದು ಕಂಚಿನ ಕಂಠ. ಹುಡುಗ ಏನಾದರೂ ಹೇಳಲು ಬಾಯಿ ತೆರೆದಾಗಲೆಲ್ಲ ಆ ಕಂಠವೇ ಅವನ ಉತ್ತರವನ್ನೂ ಹೇಳಿಬಿಡುತ್ತಿತ್ತು. ಉಪ್ಪಿಟ್ಟು, ಕೇಸರಿಬಾತು ಮುಗಿದ ಮೇಲೆ ಅವರು ತೀರ್ಪಿನ ಧಾಟಿಯಲ್ಲಿ ಹೇಳಿದರು: "ಹುಡುಗಿ ಒಪ್ಗೆ. ಆದ್ರೆ ಮದ್ವೆ ಆದ್ಮೇಲೆ ಈ ದನದ ಡಾಕ್ಟ್ರಿಕೆ ಎಲ್ಲ ಬ್ಯಾಡ. ನಮ್ಮನೆ ಸೊಸೆ ಎಮ್ಮೆ ಹಿಂದ್ಗಡೆ ನಿಂತ್ಕಳದು ಚೆಂದಾಗಿ ಕಾಣಲ್ಲ."

"ನಾನು ಕೆಲಸ ಬಿಡಲ್ಲ" ಎಂದಳು ಧನ್ಯಶ್ರೀ.

"ಈಗ ಹಂಗೇ ಅಂತಾರೆ. ಒಂದ್ ಮಗು ಆದ್ರೆ ಎಲ್ಲ ಸರಿಹೋಗ್ತದೆ" ಎಂದು ನಕ್ಕು ಅವರು ಮುಹೂರ್ತದ ಮಾತೆತ್ತಿದರು. ಕೋಮಲಾ ಸೆರಗಿನ ತುದಿ ತಿರುಚುತ್ತ ನೆಲ ನೋಡಿದರು. ರುದ್ರಮೂರ್ತಿ "ಆಗಲ್ಲ" ಎಂದರು. ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳಿಸಿತು. ಇನ್ನೊಮ್ಮೆ ಅಂದರು. ಶಿವಮೂರ್ತಪ್ಪನವರು ಆಗಲೇ ಕಡೂರಿನ ಕಲ್ಯಾಣಮಂಟಪಗಳ ಗುಣದೋಷಗಳಿಗೆ ಬಂದಿದ್ದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ರುದ್ರಮೂರ್ತಿ ಎದ್ದು, ಎಂದಿನಂತೆ ಹಿಮ್ಮಡಿ ಊರದೆ, ಒಳಕೋಣೆಗೆ ಹೋದರು. ನೀರು ತರಲು ಹೋದರೆಂದುಕೊಂಡೆ.

ಪ್ಲೇಯರಿನ ಮೇಲೆ ಒಂದು ತಟ್ಟೆ ಉಳಿದುಹೋಗಿತ್ತೆಂದು ನಮಗೆ ತಿಳಿದದ್ದು ಮರುಕ್ಷಣದಲ್ಲಿ. ಒಂದು ಸೀನು ಸೀನಿ ಮುಗಿಸುವಷ್ಟೇ ಹೊತ್ತಿನ ಹಾಡು ಅದು. ಅಷ್ಟರಲ್ಲಿ ಬಾಳೆಹಣ್ಣುಗಳು ತಟ್ಟೆಯಿಂದ ಹಾರಿದವು, ಲೋಟಗಳು ಒಂದನ್ನೊಂದು ಬೆನ್ನಟ್ಟಿಕೊಂಡು ನೆಲಕ್ಕೆ ಬಿದ್ದವು, ಕಸೂತಿಯ ಹಂಸಗಳು ರೆಕ್ಕೆ ಬಡಿದವು, ಶಿವಮೂರ್ತಪ್ಪನವರು ಎರಡೂ ಕಾಲುಗಳನ್ನು ಕುರ್ಚಿಯ ಮೇಲೆಳೆದುಕೊಂಡರು. ಆಮೇಲೆ ಎಂಥ ನಿಶ್ಶಬ್ದವೆಂದರೆ ಹಿತ್ತಿಲ ನಲ್ಲಿಯ ತೊಟ್ಟು ಬೀಳುವುದೂ ಕೇಳಿಸಿತು. ಬಾಗಿಲಲ್ಲಿ ನಿಂತ ರುದ್ರಮೂರ್ತಿ ತಮ್ಮ ಎಂದಿನ ದನಿಯಲ್ಲೇ ಹೇಳಿದರು:

"ಕ್ಷಮಿಸ್ಬೇಕು. ಮಗಳು ಕೆಲ್ಸ ಬಿಡಲ್ಲ. ಬಿಡ್ಬೇಕು ಅನ್ನೋ ಮನೆಗೆ ನಾವು ಕೊಡಲ್ಲ."

ಯಾರೂ ಬಾಗಲಿಲ್ಲ, ಎಲ್ಲರಿಗೂ ಕೇಳಿಸಿತು.

"ಏನ್ರೀ ಅದು ಸದ್ದು?" ಎಂದರು ಶಿವಮೂರ್ತಪ್ಪ, ಮೊದಲ ಬಾರಿಗೆ ಸಣ್ಣ ದನಿಯಲ್ಲಿ.

"ಬ್ರೆಜಿಲ್‌ನೋರು" ಎಂದರು ಇವರು, ವಿನಯದಿಂದ.

ಕಾರು ತರೀಕೆರೆಯ ದಿಕ್ಕಿಗೆ ಹೋಯಿತು. ಧನ್ಯಶ್ರೀ ಬಾಳೆಹಣ್ಣು ಆಯುತ್ತ, ನಗು ತಡೆಯಲಾರದೆ ನೆಲದ ಮೇಲೇ ಕುಳಿತುಬಿಟ್ಟಳು. ಕೋಮಲಾ ಮಾತ್ರ ಬಹಳ ದಿನ ಗಂಡನೊಡನೆ ಮಾತು ಬಿಟ್ಟರು. "ನಿಮ್ಮಪ್ಪಂಗೆ ಊಟಕ್ಕೆ ಬರಕ್ಕೇಳು" ಎಂದು ಮಗಳ ಮೂಲಕವೇ ವ್ಯವಹಾರ. ನಾನು ಪೆಟ್ಟಿಗೆಗಳನ್ನು ಹಿಂದಿರುಗಿಸಲು ಹೋದ ಮಧ್ಯಾಹ್ನ ಅವರು ಇದ್ದಕ್ಕಿದ್ದಂತೆ ಗಂಡನನ್ನೇ ಕೇಳಿದರು:

"ಅಲ್ರೀ, ಆವತ್ತು ಹಾಕಿದ್ರಲ್ಲ, ಅದ್ರಲ್ಲಿ ಅವ್ನು ಏನಂತ ಕಿರುಚ್ತಾನೆ?"

"ಗೊತ್ತಿಲ್ಲ ಕಣೇ. ಅವ್ರ ಭಾಷೆ ನಂಗೆಲ್ಲಿ ಬರುತ್ತೆ?"

"ಮತ್ತೆ ಇಷ್ಟು ವರ್ಷ ಏನ್ ಕೇಳ್ತಿದ್ರಿ?"

"ಆಗಲ್ಲ ಅಂತಿದಾನೆ ಅನ್ನೋದು ಮಾತ್ರ ತಿಳೀತಿತ್ತು" ಎಂದರು ರುದ್ರಮೂರ್ತಿ. ಕೋಮಲಾ ಕಾಫಿಗೆ ನೀರಿಟ್ಟರು. ಧನ್ಯಶ್ರೀಗೆ ಗಂಡು ಹುಡುಕುವುದು ಇನ್ನೂ ನಡೆದಿದೆ. ಈಗ ಬರುವವರಿಗೆ ಎಮ್ಮೆಯ ವಿಷಯವನ್ನು ಕೋಮಲಾ ಅವರೇ ಫೋನಿನಲ್ಲಿ ಮೊದಲು ಹೇಳುತ್ತಾರೆ.

ಊರಿಗೊಬ್ಬರಾದರೂ ಇಂಥವರಿರುತ್ತಾರೆ: ವಿಧಾತ ತಮಗೆ ಕೊಡಲು ಮರೆತದ್ದನ್ನು ದೂರದೂರುಗಳಿಂದ ತರಿಸಿಕೊಂಡು ಜೋಪಾನ ಮಾಡುವವರು. ತಾಲ್ಲೂಕಿನ ಗಡಿ ದಾಟದವರು ಪರದೇಶದ ಅಂಚೆಚೀಟಿ ಅಂಟಿಸುತ್ತಾರೆ. ಇರುವೆಗೂ ದಾರಿ ಬಿಡುವವರು ಹಳೆಯ ಕತ್ತಿ ಕಠಾರಿಗಳನ್ನು ಸಾಲಾಗಿ ತೂಗುಹಾಕುತ್ತಾರೆ. ಮನೆಯವರು ಹುಚ್ಚು ಅನ್ನುತ್ತಾರೆ, ನೆರೆಯವರು ನಗುತ್ತಾರೆ, ಅವರೂ ಸಂಕೋಚದಿಂದ ಜೊತೆಗೂಡಿ ನಗುತ್ತಾರೆ. ಹಾಗೆ ಕೂಡಿಟ್ಟದ್ದು ಕೈಗೆ ಬರಬೇಕಾದ ಗಳಿಗೆ ಅವರಲ್ಲಿ ಬಹುಪಾಲು ಮಂದಿಗೆ ಒದಗುವುದೇ ಇಲ್ಲ. ಧೂಳು ಒರೆಸುತ್ತ ಒರೆಸುತ್ತಲೇ ಅವರ ಆಯುಷ್ಯ ಮುಗಿಯುತ್ತದೆ, ಅದರಲ್ಲೇ ಅವರು ಸುಖವಾಗಿಯೂ ಇರುತ್ತಾರೆ.