ರಾಜನ ಮಗಳಾದ ಗುಂಡವ್ವ

ಕರುಣಾ ವಾಡಿ ಊರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಾಳೆ. ಗಂಡ ಸಂಘಪಾಲನಿಗೆ ರೇಲ್ವೆಯಲ್ಲಿ ಕೆಲಸ, ವಾಸ ರೇಲ್ವೆ ಕ್ವಾರ್ಟರ್ಸಿನಲ್ಲಿ. ನಾಲ್ಕು ವರ್ಷ ಕೂತು ಅವಳು ಒಂದು ಕಾದಂಬರಿ ಬರೆದಿದ್ದಳು. ನದಿಗಳೆಲ್ಲ ಮುನಿಸಿಕೊಂಡು ಕಲ್ಲಿನೊಳಗೆ ಹೋಗಿ ಅಡಗಿದ ಒಂದು ನಾಡಿನ ಕಥೆ. ಅಲ್ಲಿ ಗುಂಡವ್ವ ಎಂಬ ಐವತ್ತೈದರ ಹೆಂಗಸು ಕಲ್ಲು ಒಡೆಯುತ್ತಾಳೆ. ಚಕ್ಕೆ ಸಿಡಿದು ಅವಳ ಒಂದು ಕಣ್ಣು ಹೋಗಿದೆ. ಬಂಡೆಗೆ ಕಿವಿಯಿಟ್ಟರೆ ಒಳಗೆ ಯಾವ ನದಿ ಎಷ್ಟು ಆಳದಲ್ಲಿದೆ ಎಂದು ಹೇಳಬಲ್ಲಳು. ಅದು ಅವಳಿಗೆ ಯಾರೋ ಕೊಟ್ಟ ವರವಲ್ಲ. ನಲವತ್ತು ವರ್ಷ ಸುತ್ತಿಗೆ ಹಿಡಿದು ಕಲಿತದ್ದು.

ಗುಂಡವ್ವ ಯಾರು ಎಂದು ಮನೆಯವರೆಲ್ಲರಿಗೂ ಗೊತ್ತಿತ್ತು. ಕರುಣಾಳ ತಾಯಿ ಅನಸುಬಾಯಿ ಭಂಕೂರಿನಲ್ಲಿ, ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಖಣಿಯಲ್ಲಿ ದುಡಿದವಳು. ಬಡಿದ ಸಪ್ಪಳ ಕೇಳಿಯೇ ಕಲ್ಲು ಎಲ್ಲಿ ಸೀಳುತ್ತದೆ ಎಂದು ಹೇಳುತ್ತಿದ್ದಳು. ಗಂಡಸರೂ ಅವಳನ್ನು ಕೇಳಿ ಉಳಿ ಇಡುತ್ತಿದ್ದರು. ಅವಳಿಗೆ ಓದು ಬಾರದು. ಕರುಣಾ ಬರೆದದ್ದನ್ನು ಭಾನುವಾರ ಓದಿ ಹೇಳಿದರೆ ತಾಯಿ ತಿದ್ದುತ್ತಿದ್ದಳು. “ಉಳಿ ಹಂಗ ಹಿಡೀಬಾರ್ದವ್ವಾ, ಬೆರಳು ಹೋಗ್ತಾವ.”

ಕಾದಂಬರಿಯನ್ನು ಧಾರಾವಾಹಿ ಮಾಡುತ್ತೇವೆಂದು ಒಂದು ಚಾನೆಲ್ಲಿನವರು ಕೇಳಿದಾಗ ಕರುಣಾ ಹಿಂದೆಮುಂದೆ ನೋಡಿದಳು. ಆದರೆ ಸಂಭಾಷಣೆ ಬರೆಯುವ ಆನಂದಕುಮಾರ ಚಿತ್ತಾಪುರದವನು. ನಮ್ಮ ಕಡೆಯವನು ಎಂಬ ಧೈರ್ಯದಲ್ಲಿ ಸಹಿ ಹಾಕಿದಳು. ಕರಾರಿನಲ್ಲಿ ‘ಅಗತ್ಯ ಬದಲಾವಣೆಗಳು’ ಎಂಬ ಮಾತಿತ್ತು. ಅದನ್ನು ಓದಿಯೇ ಸಹಿ ಹಾಕಿದ್ದಳು.

ಮೊದಲ ಕಂತು ನೋಡಲು ಸಂಜೆ ಏಳಕ್ಕೆ ಅಕ್ಕಪಕ್ಕದವರೆಲ್ಲ ಬಂದು ಕೂತರು. ‘ಕಥೆ: ಕರುಣಾ’ ಎಂದು ಮೂಡಿದ್ದನ್ನು ಸಂಘಪಾಲ ಎಲ್ಲರಿಗೂ ಓದಿ ಹೇಳಿದ. ಟಿವಿಯಲ್ಲಿ ಬಂದ ಗುಂಡವ್ವನಿಗೆ ಇಪ್ಪತ್ತೆರಡು ವರ್ಷ, ಹೆಸರು ಶಿಲಾವತಿ. ಎರಡು ಕಣ್ಣಿಗೂ ಕಾಡಿಗೆ. ಸುತ್ತಿಗೆಯನ್ನು ಹೂವಿನ ಬುಟ್ಟಿಯಂತೆ ಹಿಡಿದಿದ್ದಳು.

“ಟೀಚರ್, ಇದರಾಗ ನಿಮ್ಮವ್ವ ಎಲ್ಲಿ ಅದಾರ್ರಿ?” ಎಂದು ಪಕ್ಕದ ಮನೆಯ ಜಗದೇವಿ ಕೇಳಿದಳು.

“ನಾ ವಯಸ್ಸಿನಾಗ ಹಂಗೇ ಇದ್ದೆ ಅಂತ ತಿಳ್ಕೊ,” ಎಂದು ಅನಸುಬಾಯಿ ನಕ್ಕಳು. ಎಲ್ಲರೂ ನಕ್ಕರು. ಕರುಣಾ ಮಾತ್ರ ಹೊರಗೆ ಹೋಗಿ ಆನಂದಕುಮಾರನಿಗೆ ಫೋನ್ ಮಾಡಿದಳು.

“ಅಕ್ಕಾ, ಜರಾ ತಾಳ್ರಿ. ಕಥಿ ನಡದಂಗ ಎಲ್ಲಾ ಸರಿ ಆಗ್ತದ,” ಎಂದ ಅವನು.

ಅವಳು ತಾಳಿದಳು. ಮೂವತ್ತೆಂಟನೆಯ ಕಂತಿನಲ್ಲಿ ಶಿಲಾವತಿಯ ಭುಜದ ಮೇಲಿನ ಮಚ್ಚೆ ನೋಡಿ ರಾಜನು ಕಣ್ಣೀರಿಟ್ಟ. ಅವಳು ತೊಟ್ಟಿಲಿನಿಂದ ಕಳುವಾಗಿದ್ದ ಅವನ ಮಗಳು. ಮೈಯಲ್ಲಿ ರಾಜರಕ್ತ ಇರುವುದರಿಂದಲೇ ಅವಳಿಗೆ ಕಲ್ಲಿನೊಳಗಿನ ನದಿ ಕೇಳಿಸುತ್ತಿತ್ತು ಎಂದು ರಾಜಗುರು ವಿವರಿಸಿದ.

ಅನಸುಬಾಯಿ ಈ ಸಲ ನಗಲಿಲ್ಲ. “ಅಂದ್ರ ಕಲ್ಲು ಒಡ್ಯೋರ ಮಗಳೇ ಆಗಿದ್ರ ಆಕಿಗಿ ಕೇಳಸ್ತಿದ್ದಿಲ್ಲೇನು?”

“ನಾ ಹಂಗ ಬರ್ದಿಲ್ಲವ್ವಾ. ನಿನಗ ಓದಿ ಹೇಳೀನಲ್ಲ.”

“ಮತ್ತ ಅಲ್ಲಿ ನಿನ್ನ ಹೆಸರು ಯಾಕ ಬರ್ತದ?”

ಮರುದಿನ ಕರುಣಾ ಶಾಲೆಯ ಬಿಡುವಿನಲ್ಲಿ ಫೋನ್ ಹಚ್ಚಿದಳು.

“ನಾ ಮೊದ್ಲು ನೀವು ಬರ್ದಂಗೇ ಬರ್ದು ಕೊಟ್ಟಿದ್ದೆ ಅಕ್ಕಾ,” ಎಂದ ಆನಂದಕುಮಾರ. “ಕೂಲಿ ಹೆಂಗಸಿಗಿ ಶಕ್ತಿ ಹೆಂಗ ಬಂತು, ಕಾರಣ ತೋರಸ್ರಿ ಅಂದ್ರು ಮೀಟಿಂಗಿನಾಗ.”

“ಕಾರಣ ಪುಸ್ತಕದಾಗ ಅದ. ಆಕಿ ಮಾಡಿದ ಕೆಲಸ.”

“ಕೆಲಸ ಅಂದ್ರ ಅದು ಕಾರಣ ಅನ್ನಸಂಗಿಲ್ಲ ಅಂತಾರ.”

“ಚಿತ್ತಾಪುರದಾಗ ನಿಮ್ಮ ಮನಿ ನೆಲಕ್ಕ ಏನ್ ಹಾಕ್ಯಾರ?”

“ಪರ್ಸಿ ಕಲ್ಲರಿ.”

“ಅದನ್ನ ರಾಜನ ಮಕ್ಕಳು ಬಂದು ಒಡೆದು ಕೊಟ್ಟಾರೇನು?”

“ನನಗೂ ನೌಕರಿ ಬೇಕಲ್ಲಕ್ಕಾ,” ಎಂದ.

ತನ್ನ ಹೆಸರು ತೆಗೆಯಿರಿ ಎಂದು ಕರುಣಾ ಚಾನೆಲ್ಲಿಗೆ ಪತ್ರ ಬರೆದಳು. ಒಂದಲ್ಲ, ಐದು. ಪ್ರತಿ ಉತ್ತರದಲ್ಲೂ ಕರಾರಿನ ಅದೇ ಸಾಲು. ಈ ನಡುವೆ ಒಂಬತ್ತನೆಯ ತರಗತಿಯ ಜಯಮಾಲಾ ಗ್ರಂಥಾಲಯದಿಂದ ಕಾದಂಬರಿ ಒಯ್ದು ಓದಿ, ಪಾಠದ ನಡುವೆ ಎದ್ದು ನಿಂತು ಹೇಳಿದಳು: “ಟೀಚರ್, ನಿಮ್ಮ ಪುಸ್ತಕದಾಗ ತಪ್ಪಾಗ್ಯಾದರಿ. ಆಕಿ ರಾಜಕುಮಾರಿ ಅಂತ ಬರ್ದೇ ಇಲ್ಲ.”

“ಪುಸ್ತಕಾನೇ ಮೊದಲು ಬಂದದ್ದು.”

“ಆದ್ರ ಟಿವಿಯಾಗ ತೋರಿಸ್ಯಾರಲ್ರಿ!”

ಕರುಣಾ ಡಸ್ಟರನ್ನು ಮೇಜಿಗೆ ಕುಕ್ಕಿ, ಕೂತ್ಕೊ ಎಂದು ಗದರಿದಳು. ಹುಡುಗಿಯ ಮುಖ ಸಣ್ಣದಾಯಿತು. ಅದಕ್ಕೂ ಬೇಸರವಾಗಿ, ಮನೆಗೆ ಬಂದು ತಾಯಿಗೆ ಹೇಳಿದಳು. “ನಾ ಬರ್ತೀನಿ ನಿನ್ನ ಸಾಲಿಗಿ,” ಎಂದಳು ಅನಸುಬಾಯಿ.

ಶನಿವಾರ ಶಾಲೆಯ ಅಂಗಳದಲ್ಲಿ ಒಂದು ದಪ್ಪ ಪರ್ಸಿ ಚಪ್ಪಡಿ ಇಟ್ಟರು. ಅನಸುಬಾಯಿ ಸೆರಗು ಸಿಕ್ಕಿಸಿ ಕೂತು ನಾಲ್ಕೈದು ಕಡೆ ಬಡಿದಳು. ಸೀಮೆಸುಣ್ಣ ಇಸಿದುಕೊಂಡು ಗೆರೆ ಎಳೆದು, ಉಳಿಯಿಟ್ಟು ಹೊಡೆದಳು. ಚಪ್ಪಡಿ ಗೆರೆಗುಂಟ ಎರಡಾಯಿತು. ಮಕ್ಕಳು ಚಪ್ಪಾಳೆ ತಟ್ಟಿದರು.

ಜಯಮಾಲಾ ಮುಂದೆ ಬಂದು ಕೇಳಿದಳು: “ಅಜ್ಜಿ, ನೀವೂ ರಾಜನ ಮಗಳೇನ್ರಿ?”

ಅನಸುಬಾಯಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕರುಣಾಳಿಗೆ ಚಪ್ಪಡಿಯ ಮೇಲೆ ಕೂತು ಅತ್ತುಬಿಡುವಂತಾಯಿತು.

ಅರವತ್ತೊಂದನೆಯ ಕಂತಿನಿಂದ ಕರುಣಾಳ ಹೆಸರು ಬರುವುದು ನಿಂತಿತು. ಯಾಕೆಂದು ಚಾನೆಲ್ಲಿನವರು ತಿಳಿಸಲಿಲ್ಲ. ಆನಂದಕುಮಾರನ ಹೆಸರೂ ಅಲ್ಲಿರಲಿಲ್ಲ. ಅವನೇ ಜಗಳವಾಡಿ ತೆಗೆಸಿದನೋ, ಅವನ ನೌಕರಿಯೇ ಹೋಯಿತೋ ಎಂದು ಕೇಳಲು ಹಚ್ಚಿದರೆ ಅವನು ಫೋನ್ ಎತ್ತಲಿಲ್ಲ. “ಗೆದ್ದಿ ಬಿಡು,” ಎಂದ ಸಂಘಪಾಲ. ಏನು ಗೆದ್ದೆ ಎಂದು ಕರುಣಾಳಿಗೆ ತಿಳಿಯಲಿಲ್ಲ. ಪಕ್ಕದ ಮನೆಯಲ್ಲಿ ಶಿಲಾವತಿಯ ಮದುವೆಯ ಕಂತು ನಡೆದಿತ್ತು. ಜಗದೇವಿ ಶಬ್ದವನ್ನು ಜೋರಾಗಿ ಇಟ್ಟಿದ್ದಳು.